ಮಗುವಿನ ಹೃದಯಕ್ಕೆ ಬೈಪಾಸ್: ಕವಾಸಾಕಿ ಉಳಿಸಿಹೋಗುವ ಗಾಯ, ಜೊತೆಗೇ ಬೆಳೆಯುವ ನಾಳ

ಮಕ್ಕಳಿಗೆ ಹುಟ್ಟಿದ ಮೇಲೆ ಬರುವ ಹೃದ್ರೋಗ ಎಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ರುಮ್ಯಾಟಿಕ್ ಜ್ವರ. ಗಂಟಲು ನೋವು, ಕೀಲು ನೋವು, ಆಮೇಲೆ ಕವಾಟ ಕೆಡುವುದು, ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿ. ಈ ದಾರಿ ತಾಲೂಕು ಆಸ್ಪತ್ರೆಯವರಿಗೂ ಗೊತ್ತು, ಎಷ್ಟೋ ಮನೆಯವರಿಗೂ ಗೊತ್ತು. ಅದು ಕವಾಟದ ಕಾಯಿಲೆ. ಅದಕ್ಕೂ, ಮುಚ್ಚಿದ ನಾಳದ ಆಚೆಗೆ ರಕ್ತಕ್ಕೆ ಹೊಸ ದಾರಿ ಜೋಡಿಸುವ ಬೈಪಾಸ್‌ಗೂ ಸಂಬಂಧವಿಲ್ಲ. ಮಗುವನ್ನು ಬೈಪಾಸ್‌ವರೆಗೆ ತರುವ ಕಾಯಿಲೆ ಬೇರೆ. ಅದು ಹಿಡಿಯುವುದು ಹೃದಯದ ಸ್ನಾಯುವಿಗೇ ರಕ್ತ ಒದಗಿಸುವ ಕೊರೊನರಿ ನಾಳಗಳನ್ನು. ಅದರ ಹೆಸರು ಕವಾಸಾಕಿ.

ಟೋಕಿಯೊದ ರೆಡ್ ಕ್ರಾಸ್ ಆಸ್ಪತ್ರೆಯ ಮಕ್ಕಳ ವೈದ್ಯ ತೊಮಿಸಾಕು ಕವಾಸಾಕಿ ಇಂಥ ಮೊದಲ ಮಗುವನ್ನು ನೋಡಿದ್ದು 1961ರಲ್ಲಿ. 50 ಮಕ್ಕಳ ವಿವರ ಸೇರಿಸಿ ಜಪಾನಿ ಭಾಷೆಯಲ್ಲಿ ಪ್ರಕಟಿಸಿದ್ದು 1967ರಲ್ಲಿ. ಜ್ವರ ಬಂದು ತಾನಾಗಿಯೇ ಇಳಿದು ಹೋಗುವ ಕಾಯಿಲೆ ಎಂದೇ ಮೊದಮೊದಲು ಎಣಿಸಲಾಗಿತ್ತು. 1970ರಲ್ಲಿ ಜಪಾನಿನಾದ್ಯಂತ ಸಮೀಕ್ಷೆ ನಡೆದಾಗ, ಜ್ವರ ಇಳಿದು ಚೇತರಿಸಿಕೊಂಡಂತಿದ್ದ ಮಕ್ಕಳಲ್ಲಿ ಕೆಲವರು ಹಠಾತ್ತಾಗಿ ತೀರಿಕೊಂಡದ್ದು, ಮರಣೋತ್ತರ ಪರೀಕ್ಷೆಯಲ್ಲಿ ಅವರ ಕೊರೊನರಿ ನಾಳ ಉಬ್ಬಿ ಒಳಗೆ ರಕ್ತ ಹೆಪ್ಪುಗಟ್ಟಿದ್ದು ಕಂಡುಬಂತು. 2019ರ ಹೊತ್ತಿಗೆ ಜಪಾನಿನಲ್ಲಿ ಐದು ವರ್ಷದೊಳಗಿನ ಪ್ರತಿ ಒಂದು ಲಕ್ಷ ಮಕ್ಕಳಲ್ಲಿ ವರ್ಷಕ್ಕೆ 300ಕ್ಕೂ ಹೆಚ್ಚು ಮಂದಿಗೆ ಈ ಕಾಯಿಲೆ ಬರುತ್ತಿತ್ತು. ಭಾರತದಲ್ಲಿ ಇದನ್ನು ಬಹುಕಾಲ ವ್ಯವಸ್ಥಿತವಾಗಿ ಲೆಕ್ಕವಿಟ್ಟ ಕೇಂದ್ರ ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆ ಪಿಜಿಐ. ಹುಡುಕುವವರಿದ್ದ ಆ ಊರಿನಲ್ಲಿ 1994ರಿಂದ 2007ರ ನಡುವೆ ಪತ್ತೆಯಾದ ಪ್ರಮಾಣ ಹಲವು ಪಟ್ಟು ಏರಿತು. ನಮ್ಮ ಬಹುತೇಕ ಜಿಲ್ಲೆಗಳಲ್ಲಿ ಕಾಯಿಲೆ ಕಡಿಮೆ ಎಂದು ತೋರುವುದಕ್ಕೆ ಹುಡುಕುವವರು ಕಡಿಮೆ ಎಂಬುದೂ ಒಂದು ಕಾರಣ ಎಂದು ನಾವು ಭಾವಿಸುತ್ತೇವೆ.

ನಾಳಕ್ಕೆ ಆಗುವುದೇನು

ವಯಸ್ಕರ ಬೈಪಾಸ್ ನೋಡಿದವರು ಕೊಬ್ಬು ಕಟ್ಟಿ ನಾಳ ಮುಚ್ಚಿಕೊಳ್ಳುವ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ಇಲ್ಲಿ ಆಗುವುದು ಹೆಚ್ಚುಕಡಿಮೆ ಅದರ ತಿರುಗುಮುರುಗು. ಜ್ವರದ ಮೊದಲ ಎರಡು ವಾರಗಳಲ್ಲಿ ಉರಿಯೂತ ನಾಳದ ಗೋಡೆಯನ್ನೇ ತಿನ್ನುತ್ತದೆ. ಗೋಡೆಗೆ ಬಿಗಿ ಕೊಡುವ ಎಲಾಸ್ಟಿಕ್ ಪದರ, ಸ್ನಾಯು ಪದರ ಎರಡೂ ಹರಿಯುತ್ತವೆ. ಒಳಗಿನ ಒತ್ತಡ ತಡೆಯಲಾರದೆ ನಾಳ ಉಬ್ಬುತ್ತದೆ. ಈ ಉಬ್ಬಿಗೆ ಅನ್ಯೂರಿಸಂ ಎನ್ನುತ್ತಾರೆ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳಲ್ಲಿ ಅದು ತನ್ನ ಗರಿಷ್ಠ ಗಾತ್ರ ಮುಟ್ಟುತ್ತದೆ.

ಉಬ್ಬಿನ ಗಾತ್ರವೇ ಮುಂದಿನ ಕಥೆಯನ್ನು ನಿರ್ಧರಿಸುತ್ತದೆ. ಮಗುವಿನ ಎತ್ತರ-ತೂಕಕ್ಕೆ ಇರಬೇಕಾದ ಅಳತೆಗಿಂತ ನಾಳ ಎಷ್ಟು ಆಚೆ ಹೋಗಿದೆ ಎಂಬುದನ್ನು ಝಡ್ ಸ್ಕೋರ್‌ನಲ್ಲಿ ಹೇಳುತ್ತಾರೆ. 2.5ರಿಂದ 5ರೊಳಗೆ ಇದ್ದರೆ ಚಿಕ್ಕ ಉಬ್ಬು, 5ರಿಂದ 10ರೊಳಗೆ ಮಧ್ಯಮ, 10 ಅಥವಾ ಹೆಚ್ಚಾದರೆ, ಇಲ್ಲವೇ ನೇರ ಅಳತೆಯಲ್ಲಿ 8 ಮಿಲಿಮೀಟರ್ ಮುಟ್ಟಿದರೆ ದೈತ್ಯ ಅನ್ಯೂರಿಸಂ. ಎರಡು ವರ್ಷದ ಮಗುವಿನ ಕೊರೊನರಿ ನಾಳ ಸಹಜವಾಗಿ ಎರಡು ಮಿಲಿಮೀಟರ್ ಆಸುಪಾಸು ಎಂಬುದನ್ನು ನೆನಪಿಟ್ಟುಕೊಂಡರೆ ಎಂಟು ಎಂದರೇನು ಎಂದು ಅರ್ಥವಾಗುತ್ತದೆ. ಚಿಕ್ಕ ಉಬ್ಬುಗಳಲ್ಲಿ ಹೆಚ್ಚಿನವು ಒಂದೆರಡು ವರ್ಷಗಳಲ್ಲಿ ಇಳಿದು ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್‌ನಲ್ಲಿ) ಸಹಜವಾಗಿ ಕಾಣುತ್ತವೆ. ದೈತ್ಯ ಉಬ್ಬು ಹಾಗೆ ಇಳಿಯುವುದು ಅಪರೂಪ.

ಉಬ್ಬಿದ ಜಾಗದಲ್ಲಿ ರಕ್ತ ಮಡುವಿನಲ್ಲಿ ಸುತ್ತಿದಂತೆ ನಿಧಾನವಾಗಿ ಸುತ್ತುತ್ತದೆ, ಅಲ್ಲೇ ಹೆಪ್ಪುಗಟ್ಟುತ್ತದೆ. ಕಾಯಿಲೆಯ ಎರಡನೇ ವಾರದಿಂದ ಪ್ಲೇಟ್‌ಲೆಟ್ ಏರಿ, ಕೆಲವೊಮ್ಮೆ ಹತ್ತು ಲಕ್ಷ ಮುಟ್ಟುವುದರಿಂದ ಆ ದಿನಗಳಲ್ಲಿ ಅಪಾಯ ಇನ್ನೂ ಹೆಚ್ಚು. ಇದು ಮೊದಲ ಹಂತ. ಎರಡನೆಯದು ವರ್ಷಗಟ್ಟಲೆ ಸದ್ದಿಲ್ಲದೆ ನಡೆಯುತ್ತದೆ. ಉಬ್ಬಿನ ಬಾಯಿ ಮತ್ತು ತುದಿಯಲ್ಲಿ, ಅಂದರೆ ರಕ್ತ ಒಳಹೋಗುವ ಮತ್ತು ಹೊರಬರುವ ಜಾಗಗಳಲ್ಲಿ, ಒಳಪದರ ದಪ್ಪಗಾಗುತ್ತ ಬರುತ್ತದೆ. ಸುಣ್ಣದಂಶ ಕೂರುತ್ತದೆ. ಹಿಗ್ಗಿದ್ದ ನಾಳ ಕಿರಿದಾಗುತ್ತ ಹೋಗುತ್ತದೆ. ಬೈಪಾಸ್ ಪ್ರಶ್ನೆ ಏಳುವುದು ಇಲ್ಲಿ.

ಜಪಾನಿನಲ್ಲಿ ಕವಾಸಾಕಿಯಿಂದ ಹೃದಯಾಘಾತವಾದ 195 ಮಕ್ಕಳ ವಿವರ 1986ರಲ್ಲಿ ಪ್ರಕಟವಾಯಿತು. ಮುಕ್ಕಾಲು ಪಾಲಿನಷ್ಟು ಆಘಾತಗಳು ಕಾಯಿಲೆಯ ಮೊದಲ ವರ್ಷದಲ್ಲೇ ಆಗಿದ್ದವು. ಬಹುಪಾಲು ಮಕ್ಕಳು ಆಗ ನಿದ್ದೆಯಲ್ಲಿದ್ದರು ಅಥವಾ ಸುಮ್ಮನೆ ಇದ್ದರು. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಕ್ಕಳಲ್ಲಿ ಯಾವ ಲಕ್ಷಣವೂ ಇರಲಿಲ್ಲ. ಮೊದಲ ಆಘಾತದಲ್ಲೇ 22 ಶೇಕಡಾ ಮಕ್ಕಳು ತೀರಿಕೊಂಡಿದ್ದರು. ಎದೆ ಹಿಡಿದುಕೊಂಡು ಕೂರುವುದು ದೊಡ್ಡವರ ಲಕ್ಷಣ. ಮಗು ಬಿಳಿಚಿಕೊಳ್ಳುತ್ತದೆ, ವಾಂತಿ ಮಾಡುತ್ತದೆ, ಹೊಟ್ಟೆ ನೋವೆನ್ನುತ್ತದೆ, ಕಾರಣವಿಲ್ಲದೆ ರಚ್ಚೆ ಹಿಡಿಯುತ್ತದೆ.

ತಪ್ಪುವುದು ಮೊದಲ ಹತ್ತು ದಿನಗಳಲ್ಲಿ

ಬೈಪಾಸ್ ಮೇಜಿನ ಮೇಲೆ ಮಲಗುವ ಮಗುವಿನ ಕಡತವನ್ನು ಹಿಂದಕ್ಕೆ ತಿರುವುತ್ತ ಹೋದರೆ ಬಹಳ ಸಲ ಸಿಗುವುದು ತಡವಾಗಿ ಗುರುತಾದ, ಅಥವಾ ಗುರುತೇ ಆಗದ ಒಂದು ಜ್ವರ. ಐದು ದಿನ ಬಿಡದ ಜ್ವರ, ಕೀವಿಲ್ಲದೆ ಕೆಂಪಾದ ಎರಡೂ ಕಣ್ಣು, ಒಡೆದ ಕೆಂಪು ತುಟಿ, ಸ್ಟ್ರಾಬೆರಿಯಂತೆ ಕಾಣುವ ನಾಲಿಗೆ, ಮೈಮೇಲೆ ಗಂಧೆ, ಊದಿದ ಅಂಗೈ ಅಂಗಾಲು, ಆಮೇಲೆ ಬೆರಳ ತುದಿಯಲ್ಲಿ ಸುಲಿಯುವ ಚರ್ಮ, ಕುತ್ತಿಗೆಯ ಒಂದು ಕಡೆ ಒಂದೂವರೆ ಸೆಂಟಿಮೀಟರಿಗಿಂತ ದೊಡ್ಡ ಗಡ್ಡೆ. ತುಟಿ-ನಾಲಿಗೆ ಸೇರಿ ಒಂದು, ಕೈಕಾಲಿನ ಊತ-ಸುಲಿತ ಸೇರಿ ಒಂದು ಎಂದು ಎಣಿಸಿ, ಜ್ವರದ ಜೊತೆ ಉಳಿದ ಐದರಲ್ಲಿ ನಾಲ್ಕು ಇದ್ದರೆ ಕವಾಸಾಕಿ. ತೊಂದರೆ ಏನೆಂದರೆ ಇವೆಲ್ಲ ಒಂದೇ ದಿನ ಸಾಲಾಗಿ ನಿಲ್ಲುವುದಿಲ್ಲ. ಸೋಮವಾರದ ಗಂಧೆ ಗುರುವಾರಕ್ಕೆ ಹೋಗಿರುತ್ತದೆ. ಅದನ್ನು ನೋಡಿದ ವೈದ್ಯರು ಒಬ್ಬರು, ಕೆಂಪು ಕಣ್ಣು ನೋಡಿದವರು ಇನ್ನೊಬ್ಬರು. ದಡಾರ ಎಂದೋ, ಆ್ಯಂಟಿಬಯಾಟಿಕ್ ಒಗ್ಗದೆ ಬಂದ ಗಂಧೆ ಎಂದೋ ಚೀಟಿಯಲ್ಲಿ ಬರೆದಿರುತ್ತದೆ.

ಮಳೆಗಾಲದಲ್ಲಿ ನಮ್ಮಲ್ಲಿ ಎಲ್ಲ ಜ್ವರವೂ ಮೊದಲು ಡೆಂಗಿ. ಅಲ್ಲಿ ಒಂದು ಸುಳುಹು ಇದೆ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಮತ್ತು ಬಿಳಿ ರಕ್ತಕಣ ಇಳಿಯುತ್ತವೆ. ಕವಾಸಾಕಿಯಲ್ಲಿ ಬಿಳಿ ಕಣ, ಉರಿಯೂತ ತೋರಿಸುವ ಸಿಆರ್‌ಪಿ, ಇಎಸ್‌ಆರ್ ಏರಿರುತ್ತವೆ, ಪ್ಲೇಟ್‌ಲೆಟ್ ಮೊದಲ ವಾರ ಸಾಮಾನ್ಯವಾಗಿ ಸಹಜವಾಗಿದ್ದು ಎರಡನೇ ವಾರ ಮೇಲಕ್ಕೆ ಹೋಗುತ್ತದೆ. ಇನ್ನೊಂದು ಸುಳುಹು ಬಿಸಿಜಿ ಹಾಕಿದ ಕಲೆ. ಹುಟ್ಟಿದಾಗ ಎಡತೋಳಿಗೆ ಹಾಕಿದ ಆ ಗುರುತು ಹಸುಗೂಸಿನಲ್ಲಿ ಜ್ವರದ ಜೊತೆ ಕೆಂಪಾಗಿ ಊದಿಕೊಂಡರೆ ಕವಾಸಾಕಿಯನ್ನು ಬಲವಾಗಿ ಅನುಮಾನಿಸಬೇಕು. ಬಿಸಿಜಿ ಹಾಕದ ದೇಶಗಳ ವೈದ್ಯರಿಗೆ ಈ ಅನುಕೂಲ ಇಲ್ಲ, ನಮಗಿದೆ. ಆರು ತಿಂಗಳೊಳಗಿನ ಕೂಸುಗಳಲ್ಲಿ ಪೂರ್ಣ ಲಕ್ಷಣ ಕಾಣುವುದೇ ಕಡಿಮೆ, ಉಬ್ಬು ಬರುವ ಅಪಾಯ ಮಾತ್ರ ಹೆಚ್ಚು. ಏಳು ದಿನ ಕಾರಣ ಸಿಗದ ಜ್ವರವಿರುವ ಅಂಥ ಕೂಸಿಗೆ ಎಕೋ ಮಾಡಿಸಲೇಬೇಕು.

ಚಿಕಿತ್ಸೆ ಗೊತ್ತಿರುವಂಥದ್ದೇ. ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳಾದ ಇಮ್ಯುನೊಗ್ಲಾಬ್ಯುಲಿನ್, ಕಿಲೋಗೆ 2 ಗ್ರಾಂ, ಒಂದೇ ಬಾರಿ, 10ರಿಂದ 12 ಗಂಟೆ ನಿಧಾನವಾಗಿ ನಾಳಕ್ಕೆ. ಜ್ವರ ಶುರುವಾದ ಹತ್ತು ದಿನಗಳೊಳಗೆ, ಜೊತೆಗೆ ಆಸ್ಪಿರಿನ್. ಇದಿಲ್ಲದಿದ್ದರೆ ನಾಲ್ಕು ಅಥವಾ ಐದು ಮಕ್ಕಳಲ್ಲಿ ಒಂದಕ್ಕೆ ಕೊರೊನರಿ ಉಬ್ಬು ಬರುತ್ತದೆ. ಸಕಾಲಕ್ಕೆ ಕೊಟ್ಟರೆ ಆ ಪ್ರಮಾಣ ನೂರಕ್ಕೆ ನಾಲ್ಕರ ಸುತ್ತ ಇಳಿಯುತ್ತದೆ. 10 ಕಿಲೋ ಮಗುವಿಗೆ 20 ಗ್ರಾಂ, ಅಂದರೆ 5 ಗ್ರಾಮಿನ ನಾಲ್ಕು ಬಾಟಲಿ. ಬೆಲೆ ಹತ್ತಾರು ಸಾವಿರದ ಲೆಕ್ಕ. ಗುರುತಾದ ಮೇಲೂ ಹಣ ಹೊಂದಿಸುವಷ್ಟರಲ್ಲಿ ಎರಡು ದಿನ ಕಳೆದುಹೋಗುವುದು ಇಲ್ಲೇ. ನೂರಕ್ಕೆ ಹತ್ತರಿಂದ ಇಪ್ಪತ್ತು ಮಕ್ಕಳಿಗೆ ಮೊದಲ ಡೋಸ್‌ಗೆ ಜ್ವರ ಇಳಿಯುವುದಿಲ್ಲ. ಅವರಿಗೆ ಎರಡನೇ ಡೋಸ್, ಸ್ಟೆರಾಯ್ಡ್ ಅಥವಾ ಉರಿಯೂತ ತಗ್ಗಿಸುವ ಇನ್‌ಫ್ಲಿಕ್ಸಿಮ್ಯಾಬ್ ಬೇಕಾಗುತ್ತದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಹುಟ್ಟು ಹೃದ್ರೋಗವಿದೆ, ರುಮ್ಯಾಟಿಕ್ ಹೃದ್ರೋಗವಿದೆ, ಕವಾಸಾಕಿಯ ಹೆಸರಿಲ್ಲ. ಶಾಲೆಗೆ ಹೋಗಿ ಮಕ್ಕಳನ್ನು ಪರೀಕ್ಷಿಸುವ ತಂಡದ ಸ್ಟೆತಸ್ಕೋಪಿಗೆ ಈ ಕಾಯಿಲೆ ಸಿಗುವುದೂ ಇಲ್ಲ, ಏಕೆಂದರೆ ಉಬ್ಬಿದ ನಾಳ ಸದ್ದು ಮಾಡುವುದಿಲ್ಲ.

ಯಾವಾಗ ಬೈಪಾಸ್

ಮಕ್ಕಳ ಬೈಪಾಸ್‌ನಲ್ಲಿ ಹೊಲಿಗೆಗಿಂತ ಕಷ್ಟದ್ದು ಸಮಯದ ಆಯ್ಕೆ.

ತೀರಾ ತಡಮಾಡಿದರೆ ಏನಾಗುತ್ತದೆ ಎಂಬುದು ಎಲ್ಲರಿಗೂ ಹೊಳೆಯುವಂಥದ್ದು: ಸ್ನಾಯು ಸತ್ತಿರುತ್ತದೆ, ಸತ್ತ ಸ್ನಾಯುವಿಗೆ ರಕ್ತ ತಂದು ಪ್ರಯೋಜನವಿಲ್ಲ. ಬೇಗ ಮಾಡಿದರೂ ಕೆಡುತ್ತದೆ ಎಂಬುದು ಅಷ್ಟು ಸುಲಭವಾಗಿ ಹೊಳೆಯದು. ಕಾಲುವೆಯಲ್ಲಿ ನೀರು ತುಂಬಿ ಹರಿಯುತ್ತಿರುವಾಗ ಪಕ್ಕಕ್ಕೆ ತೋಡು ತೋಡಿದರೆ ತೋಡಿಗೆ ನೀರು ತಿರುಗುವುದಿಲ್ಲ. ಅದು ಹೂಳು ತುಂಬಿ ಮುಚ್ಚುತ್ತದೆ. ಮೂಲ ನಾಳ ಮುಕ್ಕಾಲು ಭಾಗಕ್ಕಿಂತ ಕಡಿಮೆ ಮುಚ್ಚಿದ್ದಾಗ ಹೊಸ ನಾಳ ಜೋಡಿಸಿದರೆ ಅದರಲ್ಲಿ ಹರಿವು ಸಾಲದೆ ಅದು ದಾರದಷ್ಟು ತೆಳ್ಳಗಾಗುತ್ತದೆ. ಮುಂದೆ ಮೂಲ ನಾಳ ನಿಜಕ್ಕೂ ಮುಚ್ಚಿದಾಗ ಈ ದಾರ ಮತ್ತೆ ಹಿಗ್ಗಿದ ಉದಾಹರಣೆಗಳಿವೆ. ಆದರೆ ಅದನ್ನು ನಂಬಿ ಮಗುವಿನ ಎದೆ ತೆರೆಯಲಾಗದು.

ಆದ್ದರಿಂದ ನಾಳ ಕಿರಿದಾಗಿದೆ ಎಂಬ ಚಿತ್ರದ ಜೊತೆಗೆ, ಅದರಿಂದ ಸ್ನಾಯುವಿಗೆ ರಕ್ತ ಸಾಲುತ್ತಿಲ್ಲ ಎಂಬ ಪುರಾವೆಯೂ ಬೇಕು. ಐದಾರು ವರ್ಷಕ್ಕಿಂತ ಚಿಕ್ಕ ಮಗುವನ್ನು ಟ್ರೆಡ್‌ಮಿಲ್ ಮೇಲೆ ಓಡಿಸುವುದು ಆಗದ ಮಾತು. ಅದರ ಬದಲು ಹೃದಯವನ್ನು ಪರೀಕ್ಷೆಗೆ ಒಡ್ಡುವ ಅಡಿನೊಸಿನ್ ಅಥವಾ ಡೊಬ್ಯುಟಮಿನ್ ಔಷಧಿ ಕೊಟ್ಟು ಸ್ಕ್ಯಾನ್, ಎಂಆರ್‌ಐ ಅಥವಾ ಎಕೋದಲ್ಲಿ ನೋಡುತ್ತಾರೆ. ಸಿಟಿ ಆ್ಯಂಜಿಯೊ ಉಬ್ಬುಗಳನ್ನು ಚೆನ್ನಾಗಿ ತೋರಿಸುತ್ತದೆ; ಸುಣ್ಣಗಟ್ಟಿದ ಜಾಗದಲ್ಲಿ ಮಾತ್ರ ಹೊಳಪು ಹರಡಿ ಒಳದಾರಿ ಎಷ್ಟು ಉಳಿದಿದೆ ಎಂದು ಹೇಳಲಾಗದು. ಮಗುವಿನ ವೇಗದ ಹೃದಯ ಬಡಿತ, ಉಸಿರು ಹಿಡಿಯಲಾಗದ್ದು, ವಿಕಿರಣ, ಈ ತೊಡಕುಗಳೂ ಇವೆ. ಶಸ್ತ್ರಚಿಕಿತ್ಸೆಗೆ ಮೊದಲು ತೊಡೆಯ ಮೂಲಕ ಮಾಡುವ ಆ್ಯಂಜಿಯೊಗ್ರಾಂ ಇವತ್ತಿಗೂ ತಪ್ಪಿದ್ದಲ್ಲ.

ಬೈಪಾಸ್‌ ಕಡೆಗೆ ತೂಗುವ ಸನ್ನಿವೇಶಗಳು ಇವು: ಎಡ ಮುಖ್ಯ ಕೊರೊನರಿ ತೀವ್ರವಾಗಿ ಕಿರಿದಾಗಿರುವುದು; ಹೃದಯದ ಮುಂಭಾಗಕ್ಕೆ ಇಳಿಯುವ ಎಲ್‌ಎಡಿ ನಾಳ ಬುಡದ ಹತ್ತಿರವೇ ಕಿರಿದಾಗಿರುವುದು; ಎರಡು ಮೂರು ನಾಳಗಳು ಒಟ್ಟಿಗೆ ಕೆಟ್ಟಿರುವುದು; ಮುಚ್ಚಿದ ಒಂದು ನಾಳಕ್ಕೆ ರಕ್ತ ಕೊಡುತ್ತಿರುವ ಪಕ್ಕದ ನಾಳವೇ ಕಿರಿದಾಗತೊಡಗಿರುವುದು. ಬಲ ಕೊರೊನರಿ ಒಂದೇ ಮುಚ್ಚಿದ್ದರೆ ಸಾಮಾನ್ಯವಾಗಿ ಕಾಯುತ್ತಾರೆ. ಮಕ್ಕಳಲ್ಲಿ ಅದು ಜಡೆಯಂಥ ಸಣ್ಣ ದಾರಿಗಳಾಗಿ ಮತ್ತೆ ತೆರೆದುಕೊಳ್ಳುವುದುಂಟು, ಅಕ್ಕಪಕ್ಕದ ಉಪನಾಳಗಳೂ ಚೆನ್ನಾಗಿ ಬೆಳೆಯುತ್ತವೆ.

ಬಲೂನು, ಸ್ಟೆಂಟ್ ಏಕಾಗದು ಎಂದು ಪ್ರತಿ ತಂದೆತಾಯಿಯೂ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಕಾಯಿಲೆ ಬಂದು ಆರೆಂಟು ವರ್ಷಗಳೊಳಗಿದ್ದರೆ ಬಲೂನಿಗೆ ಸ್ವಲ್ಪ ಅವಕಾಶವಿದೆ. ಆಮೇಲೆ ಗೋಡೆ ಸುಣ್ಣಗಟ್ಟಿ ಚಿಪ್ಪಿನಂತಾಗುತ್ತದೆ. ಹತ್ತು ಅಟ್ಮಾಸ್ಫಿಯರ್‌ಗಿಂತ ಹೆಚ್ಚು ಒತ್ತಡ ಕೊಟ್ಟರೆ ಅದೇ ಜಾಗದಲ್ಲಿ ಹೊಸ ಉಬ್ಬು ಏಳಬಹುದು. ಸುಣ್ಣವನ್ನು ಉಜ್ಜಿ ತೆಗೆಯುವ ರೋಟಾಬ್ಲೇಟರ್ ದೊಡ್ಡ ಮಕ್ಕಳಲ್ಲಿ ಒಳ್ಳೆಯ ಉಪಾಯ, ಚಿಕ್ಕವರಲ್ಲಿ ಅದಕ್ಕೆ ಬೇಕಾದ ಕೊಳವೆಯೇ ತೊಡೆಯ ನಾಳಕ್ಕೆ ದಪ್ಪವಾಗುತ್ತದೆ. ಸ್ಟೆಂಟ್ ಮಗುವಿನೊಂದಿಗೆ ಬೆಳೆಯುವುದಿಲ್ಲ. ಎರಡೂ ವಿಧಾನಗಳನ್ನು ಹೋಲಿಸಿದ ಜಪಾನಿನ ಸಮೀಕ್ಷೆಯಲ್ಲಿ ಸಾವು ಮತ್ತು ಹೃದಯಾಘಾತಗಳಲ್ಲಿ ದೊಡ್ಡ ಅಂತರ ಕಾಣಲಿಲ್ಲ. ಮತ್ತೆ ಮತ್ತೆ ಚಿಕಿತ್ಸೆ ಬೇಕಾದದ್ದು ಬಲೂನು-ಸ್ಟೆಂಟ್ ಗುಂಪಿಗೆ ಹೆಚ್ಚು.

ಯಾವ ನಾಳ

ಈ ಅಧ್ಯಾಯದ ಇತಿಹಾಸದ ದೊಡ್ಡ ಭಾಗ ಜಪಾನಿನ ಶಸ್ತ್ರಚಿಕಿತ್ಸಕ ಸೊಯಿಚಿರೊ ಕಿತಾಮುರಾ ಮತ್ತು ಅವರ ತಂಡದ್ದು. ಕವಾಸಾಕಿಯಿಂದ ಕೊರೊನರಿ ಮುಚ್ಚಿದ ಮಗುವಿಗೆ ಮಾಡಿದ ಬೈಪಾಸ್‌ನ ವರದಿ ಅವರಿಂದ ಬಂದದ್ದು 1976ರಲ್ಲಿ. ಆಗ ಬಳಸಿದ್ದು, ದೊಡ್ಡವರಲ್ಲಿ ರೂಢಿಯಲ್ಲಿದ್ದಂತೆ, ಕಾಲಿನ ರಕ್ತನಾಳ. ಕಾಲಿನ ಅಭಿಧಮನಿ ಮಕ್ಕಳಿಗೆ ಒಗ್ಗುವುದಿಲ್ಲ ಎಂಬುದು ಕೆಲವೇ ವರ್ಷಗಳಲ್ಲಿ ಗೊತ್ತಾಯಿತು. ಕಿತ್ತು ತಂದು ಎರಡೂ ತುದಿ ಹೊಲಿದ ತುಂಡು ಅದು. ಮಗು ಉದ್ದವಾಗುತ್ತದೆ, ಹೃದಯ ದೊಡ್ಡದಾಗುತ್ತದೆ, ತುಂಡು ಇದ್ದಷ್ಟೇ ಇರುತ್ತದೆ. ಅಭಿಧಮನಿಯ ಗೋಡೆ ಧಮನಿಯ ಒತ್ತಡಕ್ಕೆ ಹುಟ್ಟಿದ್ದೂ ಅಲ್ಲ. ಒಳಪದರ ದಪ್ಪಗಾಗಿ ಮುಚ್ಚಿಕೊಳ್ಳುತ್ತದೆ.

1980ರ ದಶಕದಲ್ಲಿ ಅದೇ ತಂಡ ಎದೆಗೂಡಿನ ಒಳಗೋಡೆಯಲ್ಲಿ, ಎದೆಮೂಳೆಯ ಪಕ್ಕಕ್ಕೆ ಇಳಿಯುವ ಧಮನಿಗೆ ತಿರುಗಿತು. ಶಸ್ತ್ರಚಿಕಿತ್ಸಕರ ಬಾಯಲ್ಲಿ ಎಡಗಡೆಯದು ಲಿಮಾ, ಬಲಗಡೆಯದು ರಿಮಾ. ಇದರ ಬುಡವನ್ನು ಕತ್ತರಿಸುವುದಿಲ್ಲ. ತೋಳಿಗೆ ಹೋಗುವ ದೊಡ್ಡ ಧಮನಿಗೆ ಅಂಟಿಕೊಂಡೇ ಇರುತ್ತದೆ. ಕೆಳತುದಿಯನ್ನಷ್ಟೇ ಬಿಡಿಸಿ ಹೃದಯದ ಮೇಲೆ ತಂದು ಹೊಲಿಯುತ್ತಾರೆ. ಜೀವಂತ ಕೊಂಬೆಯನ್ನು ಬಾಗಿಸಿ ಕಸಿ ಕಟ್ಟಿದ ಹಾಗೆ. ಹಾಗಾಗಿ ಅದು ಮಗುವಿನ ಜೊತೆ ಉದ್ದದಲ್ಲೂ ಅಗಲದಲ್ಲೂ ಬೆಳೆಯುತ್ತದೆ. ಒಳಗಿನ ಎಲಾಸ್ಟಿಕ್ ಪದರ ಗಟ್ಟಿಯಾಗಿರುವುದರಿಂದ, ಒಳಪದರ ನೈಟ್ರಿಕ್ ಆಕ್ಸೈಡ್ ಚೆನ್ನಾಗಿ ಸ್ರವಿಸುವುದರಿಂದ ಕೊಬ್ಬು ಕಟ್ಟುವುದೂ ಕಡಿಮೆ.

ಅಂತರ ಎಷ್ಟೆಂಬುದು 2009ರಲ್ಲಿ ಪ್ರಕಟವಾದ ಅವರ 25 ವರ್ಷಗಳ ಲೆಕ್ಕದಲ್ಲಿದೆ. 1ರಿಂದ 19 ವರ್ಷದ 114 ಮಕ್ಕಳು. ಶಸ್ತ್ರಚಿಕಿತ್ಸೆಯಲ್ಲಿ ಒಂದು ಸಾವೂ ಇಲ್ಲ. 20 ವರ್ಷಗಳ ನಂತರ ಹೀಗೆ ಜೋಡಿಸಿದ ನಾಳಗಳ ಪೈಕಿ, ಅಂದರೆ ಗ್ರಾಫ್ಟ್‌ಗಳ ಪೈಕಿ, ಎದೆಯ ಧಮನಿಯ ಗ್ರಾಫ್ಟ್‌ಗಳಲ್ಲಿ 87 ಶೇಕಡಾ ತೆರೆದಿದ್ದವು, ಕಾಲಿನ ಅಭಿಧಮನಿಯವು 44 ಶೇಕಡಾ. 25 ವರ್ಷಕ್ಕೆ ಬದುಕಿದ್ದವರು 95 ಶೇಕಡಾ. ಇದೇ ಲೆಕ್ಕದಲ್ಲಿ ಇನ್ನೊಂದು ಅಂಕಿಯಿದೆ, ಅದನ್ನು ಎಷ್ಟೋ ಸಲ ಯಾರೂ ಹೇಳುವುದಿಲ್ಲ: 25 ವರ್ಷಗಳವರೆಗೆ ಹೃದಯದ ಯಾವ ತೊಂದರೆಯೂ ಇಲ್ಲದೆ ಉಳಿದವರು 60 ಶೇಕಡಾ ಮಾತ್ರ. ಉಳಿದವರಿಗೆ ಮತ್ತೆ ಬಲೂನು ಬೇಕಾಯಿತು, ಬಡಿತ ತಪ್ಪಿತು. ಮನೆಯವರಿಗೆ ಈ ಎರಡೂ ಅಂಕಿಗಳನ್ನು ಒಟ್ಟಿಗೇ ಹೇಳಬೇಕು.

ಬೇರೆ ಆಯ್ಕೆಗಳಲ್ಲಿ, ಮುಂಗೈ ಧಮನಿ ಸೆಟೆದುಕೊಳ್ಳುವ ಸ್ವಭಾವದ್ದು. ಜಠರದ ಧಮನಿ ಹದಿಹರೆಯದವರಲ್ಲಿ ಬಲ ಕೊರೊನರಿಗೆ ಒದಗಬಹುದು, ಚಿಕ್ಕವರಲ್ಲಿ ತೀರಾ ಸಣ್ಣ. ಎಲ್‌ಎಡಿಗೆ ಲಿಮಾ, ಎರಡನೆಯದು ಬೇಕಾದರೆ ರಿಮಾ ಎಂಬುದು ಬಹುತೇಕ ಒಮ್ಮತ.

ಮೇಜಿನ ಮೇಲೆ

15 ಕಿಲೋ ತೂಕದ ಮಗುವಿನ ಮೈಯಲ್ಲಿರುವ ರಕ್ತ ಸುಮಾರು 1,200 ಮಿಲಿಲೀಟರ್. ಹೃದಯ-ಶ್ವಾಸಕೋಶ ಯಂತ್ರದ ಕೊಳವೆಗಳನ್ನು ತುಂಬಲೇ ಕೆಲವು ನೂರು ಮಿಲಿಲೀಟರ್ ಬೇಕು. ಬರೀ ಸಲೈನ್ ತುಂಬಿದರೆ ರಕ್ತ ನೀರಾಗುತ್ತದೆ, ಅದಕ್ಕೆ ಚಿಕ್ಕ ಆಕ್ಸಿಜನೇಟರ್, ಗಿಡ್ಡ ಕೊಳವೆ, ಅಗತ್ಯಬಿದ್ದರೆ ದಾನಿಯ ರಕ್ತ. ದೊಡ್ಡವರಲ್ಲಿ ಮಿಡಿಯುವ ಹೃದಯದ ಮೇಲೆಯೇ ಹೊಲಿಯುವುದು ಭಾರತದಲ್ಲಿ ದಿನನಿತ್ಯದ ಕೆಲಸ. ಚಿಕ್ಕ ಮಗುವಿನಲ್ಲಿ ಯಂತ್ರ ಹಾಕಿ ಹೃದಯ ನಿಲ್ಲಿಸಿ ಮಾಡುವುದೇ ವಾಸಿ.

ಎದೆಮೂಳೆ ಸೀಳಿದ ಮೇಲೆ ಮೊದಲ ಕೆಲಸ ಲಿಮಾ ಬಿಡಿಸುವುದು. ಚಿಕ್ಕ ಮಗುವಿನಲ್ಲಿ ಅದರ ಅಗಲ ಒಂದರಿಂದ ಒಂದೂವರೆ ಮಿಲಿಮೀಟರ್. ನಾಳವನ್ನು ಚಿಮಟದಿಂದ ಹಿಡಿಯಬಾರದು. ಅಕ್ಕಪಕ್ಕದ ಪೊರೆಯನ್ನು ಹಿಡಿದು ಎಳೆಯಬೇಕು. ಸಣ್ಣ ಕವಲುಗಳನ್ನು ಕ್ಲಿಪ್ ಹಾಕಿ ಕತ್ತರಿಸಬೇಕು. ಸುಡುವ ಉಪಕರಣದ ಶಾಖ ಗೋಡೆಗೆ ತಾಗಿದರೆ ಆ ಜಾಗ ಮುಂದೆ ಕಿರಿದಾಗುತ್ತದೆ. ಮೇಲ್ತುದಿಯ ಹತ್ತಿರ ವಪೆಯ (ಎದೆ-ಹೊಟ್ಟೆಯ ನಡುವೆ ಉಸಿರಾಟ ನಡೆಸುವ ಸ್ನಾಯುಪರದೆಯ) ನರ ಹಾದುಹೋಗುತ್ತದೆ. ಅದಕ್ಕೆ ಏಟು ಬಿದ್ದರೆ ಒಂದು ಕಡೆಯ ವಪೆ ಕೆಲಸ ನಿಲ್ಲಿಸುತ್ತದೆ. ದೊಡ್ಡವರು ಹೇಗೋ ಸಂಭಾಳಿಸಿಕೊಳ್ಳುತ್ತಾರೆ, ಎರಡು ವರ್ಷದ ಮಗು ವೆಂಟಿಲೇಟರಿನಿಂದ ಹೊರಬರುವುದೇ ಕಷ್ಟ. ಬಿಡಿಸಿದ ನಾಳ ಸೆಟೆದುಕೊಳ್ಳದಂತೆ ಪಪಾವರಿನ್‌ನಲ್ಲಿ ನೆನೆಸಿದ ಬಟ್ಟೆಯಲ್ಲಿ ಸುತ್ತಿಡುತ್ತಾರೆ.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಕಿಲೋಗೆ 300ರಿಂದ 400 ಯೂನಿಟ್. ರಕ್ತ ಹೆಪ್ಪುಗಟ್ಟುವ ಅವಧಿ 480 ಸೆಕೆಂಡ್ ದಾಟಿದ ಮೇಲೆ ಯಂತ್ರಕ್ಕೆ. ದೈತ್ಯ ಉಬ್ಬನ್ನು ಆ ತನಕ ಮುಟ್ಟಬಾರದು. ಒಳಗೆ ಹಳೆಯ ಹೆಪ್ಪು ಇರುತ್ತದೆ, ಒತ್ತಿದರೆ ತುಣುಕು ಕಳಚಿ ಕೆಳಗಿನ ನಾಳಕ್ಕೆ ಹೋಗುತ್ತದೆ. ಹೃದಯ ನಿಲ್ಲಿಸುವ ಕಾರ್ಡಿಯೊಪ್ಲೀಜಿಯಾ ದ್ರವವನ್ನು ಮಹಾಧಮನಿಯ ಬುಡದಿಂದ ಮಾತ್ರ ಕೊಟ್ಟರೆ, ಮುಚ್ಚಿದ ನಾಳದಾಚೆಯ ಸ್ನಾಯುವಿಗೆ ಅದು ತಲುಪದಿರಬಹುದು. ಅದಕ್ಕೆ ಹಿಂದಿನ ದಾರಿಯಿಂದಲೂ, ಅಂದರೆ ಹೃದಯ ಸ್ನಾಯುವಿನ ಅಭಿಧಮನಿಗಳು ಬಂದು ಸೇರುವ ಕೊರೊನರಿ ಸೈನಸ್ ಮೂಲಕವೂ ಕೊಡುವ ಸಿದ್ಧತೆ ಇರಬೇಕು.

ಒಂದು ವಿಷಯದಲ್ಲಿ ಮಾತ್ರ ಮಗು ದೊಡ್ಡವರಿಗಿಂತ ಅದೃಷ್ಟಶಾಲಿ. ಕವಾಸಾಕಿಯ ಹಾನಿ ಹೆಚ್ಚಾಗಿ ನಾಳದ ಬುಡದಲ್ಲಿ. ಉಬ್ಬು ಮುಗಿದ ಮೇಲೆ ಕೆಳಗಿನ ನಾಳ ಶುಭ್ರವಾಗಿ ಮೆತ್ತಗಿರುತ್ತದೆ. ಮಧುಮೇಹಿ ವಯಸ್ಕನ ನಾಳದಂತೆ ಉದ್ದಕ್ಕೂ ಗಂಟುಗಂಟಾಗಿರುವುದಿಲ್ಲ. ಒಂದೂವರೆ ಮಿಲಿಮೀಟರಿನ ನಾಳಕ್ಕೆ ಹೊಲಿಗೆ ಸಾಧ್ಯವಾಗುವುದು ಇದರಿಂದಲೇ. ನೂಲು 8-0 ಪಾಲಿಪ್ರೊಪಿಲೀನ್, ತಲೆಗೂದಲಿಗಿಂತ ತೆಳು. ಕಣ್ಣಿಗೆ ಹೆಚ್ಚು ದೊಡ್ಡದಾಗಿ ತೋರಿಸುವ ಲೂಪ್ ಅಥವಾ ಮೈಕ್ರೊಸ್ಕೋಪ್. ಸುತ್ತಲೂ ಒಂದೇ ನೂಲಿನಲ್ಲಿ ಹೊಲಿದು ಬಿಗಿದರೆ ಚೀಲದ ಬಾಯಿಗೆ ಲಾಡಿ ಎಳೆದಂತೆ ಜೋಡಣೆ ಮುದುಡುವ ಭಯ; ಅದಕ್ಕೇ ಜೋಡಣೆಯ ಎರಡು ಕೊನೆಗಳಲ್ಲಾದರೂ ಬಿಡಿಬಿಡಿ ಹೊಲಿಗೆ ಹಾಕುವವರಿದ್ದಾರೆ, ಬೆಳೆಯಲು ಜಾಗ ಉಳಿಯಲಿ ಎಂಬುದೂ ಲೆಕ್ಕ.

ಲಿಮಾದ ಉದ್ದವನ್ನು ಶ್ವಾಸಕೋಶ ಪೂರ್ತಿ ಊದಿಸಿ ನೋಡಿ ನಿರ್ಧರಿಸಬೇಕು. ಖಾಲಿ ಶ್ವಾಸಕೋಶದಲ್ಲಿ ಸರಿಯಿದ್ದದ್ದು ಉಸಿರು ತುಂಬಿದಾಗ ಜಗ್ಗುತ್ತದೆ. ತೀರಾ ಉದ್ದ ಬಿಟ್ಟರೆ ಮಡಚಿಕೊಳ್ಳುತ್ತದೆ. ತರುವಾಗ ಒಂದು ಸುತ್ತು ತಿರುಚಿಕೊಂಡರೂ ಹರಿವು ನಿಲ್ಲುತ್ತದೆ. ಎದೆ ಮುಚ್ಚುವ ಮೊದಲು ಫ್ಲೋಮೀಟರ್ ಸುತ್ತಿ ಹರಿವನ್ನು ಅಳೆಯದೆ ಬಿಡಬಾರದು. ಅಂಕಿ ಸರಿಯಿಲ್ಲದಿದ್ದರೆ ಬಿಚ್ಚಿ ಮತ್ತೆ ಹೊಲಿಯಲು ಅದೇ ತಕ್ಕ ಹೊತ್ತು.

ಇದನ್ನೆಲ್ಲ ಯಾರು ಮಾಡಬೇಕು ಎಂಬುದು ನಮ್ಮಲ್ಲಿ ನಿಜವಾದ ಸಮಸ್ಯೆ. ವಯಸ್ಕರ ಹೃದಯ ಶಸ್ತ್ರಚಿಕಿತ್ಸಕರ ಕೈ ದಿನಕ್ಕೆ ಹತ್ತಾರು ಕೊರೊನರಿ ಹೊಲಿಗೆಗೆ ಪಳಗಿದೆ, 12 ಕಿಲೋ ಮಗುವಿನ ಯಂತ್ರ-ಐಸಿಯುಗೆ ಅಲ್ಲ. ಮಕ್ಕಳ ಶಸ್ತ್ರಚಿಕಿತ್ಸಕರಿಗೆ ಮಗು ಗೊತ್ತು. ಕೊರೊನರಿಯನ್ನು ಅವರು ಮುಟ್ಟುವುದು ಹೆಚ್ಚಾಗಿ ಹುಟ್ಟು ಹೃದ್ರೋಗದ ಕೆಲವು ಶಸ್ತ್ರಚಿಕಿತ್ಸೆಗಳಲ್ಲಿ. ಇಬ್ಬರೂ ಒಂದೇ ಮೇಜಿನ ಎರಡು ಬದಿಗೆ ನಿಲ್ಲುವುದು ಒಳ್ಳೆಯ ಏರ್ಪಾಡು. ಬೆಂಗಳೂರಿನಂತೆ ಎರಡೂ ವಿಭಾಗಗಳಿರುವ ಊರಿನಲ್ಲಿ ಇದು ಕಷ್ಟವಲ್ಲ. ಆಸ್ಪತ್ರೆ ಆಯ್ಕೆ ಮಾಡುವ ಮನೆಯವರು ಕೇಳಬೇಕಾದ ಮೊದಲ ಪ್ರಶ್ನೆಯೂ ಇದೇ: ಮಕ್ಕಳ ಐಸಿಯು ಇದೆಯೇ, ಹೊಲಿಯುವವರು ಯಾರು?

ಕವಾಸಾಕಿಯಲ್ಲದ ದಾರಿಗಳನ್ನೂ ಇಲ್ಲಿ ಹೇಳಬೇಕು. ತಂದೆತಾಯಿ ಇಬ್ಬರಿಂದಲೂ ಕೊಲೆಸ್ಟ್ರಾಲ್ ದೋಷದ ಜೀನ್ ಬಂದ ಮಗುವಿನಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ 500 ದಾಟುವುದುಂಟು. ಮೊಣಕೈ, ಮೊಣಕಾಲು, ಹಿಮ್ಮಡಿಯಲ್ಲಿ ಹಳದಿ ಗಂಟುಗಳು ಏಳುತ್ತವೆ. ಕೊರೊನರಿಯ ಬಾಯಿ ಶಾಲೆ ಮುಗಿಯುವ ಮೊದಲೇ ಮುಚ್ಚುತ್ತದೆ. ಸೋದರಮಾವ, ಅತ್ತೆ-ಮಾವನ ಮಕ್ಕಳೊಂದಿಗೆ ಮದುವೆ ರೂಢಿಯಿರುವ ನಮ್ಮ ಕಡೆ ಇದರ ಸಾಧ್ಯತೆ ಹೆಚ್ಚು. ಚರ್ಮದ ಗಂಟೆಂದು ಮುಲಾಮು ಹಚ್ಚುವ ಮೊದಲು ಒಂದು ಲಿಪಿಡ್ ಪರೀಕ್ಷೆ ಸಾಕು. ದೊಡ್ಡ ಧಮನಿಗಳನ್ನು ಹಿಡಿಯುವ ತಕಯಾಸು ಉರಿಯೂತವೂ ಕೊರೊನರಿಯ ಬಾಯನ್ನು ಮುಚ್ಚಬಲ್ಲದು. ಅದು ತೋಳಿನ ಧಮನಿಯನ್ನೂ ಹಿಡಿಯುವ ಕಾಯಿಲೆಯಾದ್ದರಿಂದ, ಅಲ್ಲಿಂದ ಹೊರಡುವ ಲಿಮಾವನ್ನು ನಂಬುವ ಮೊದಲು ಬುಡವನ್ನು ಪರೀಕ್ಷಿಸಲೇಬೇಕು.

ಮನೆಗೆ ಬಂದ ಮೇಲೆ

ಬೈಪಾಸ್ ಹೊಸ ದಾರಿ ಕೊಡುತ್ತದೆ. ಉಬ್ಬು ಇದ್ದಲ್ಲೇ ಇರುತ್ತದೆ. ಆದ್ದರಿಂದ ಆಸ್ಪಿರಿನ್ ದಿನಕ್ಕೆ ಕಿಲೋಗೆ 3ರಿಂದ 5 ಮಿಲಿಗ್ರಾಂ ಮುಂದುವರಿಯುತ್ತದೆ, ದೈತ್ಯ ಉಬ್ಬು ಇದ್ದವರಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಕೂಡ. ಐಎನ್‌ಆರ್ ಎಂದರೆ ರಕ್ತ ಹೆಪ್ಪುಗಟ್ಟುವುದು ಎಷ್ಟು ನಿಧಾನವಾಗಿದೆ ಎಂದು ಹೇಳುವ ರಕ್ತಪರೀಕ್ಷೆಯ ಅಂಕಿ. ವಾರ್ಫರಿನ್‌ನ ಐಎನ್‌ಆರ್ 2ರಿಂದ 3ರ ನಡುವೆ ಇರಬೇಕು. ಸೊಪ್ಪು ತಿನ್ನಲೇಬಾರದು ಎಂದು ಕೆಲವರು ಹೇಳಿ ಕಳಿಸುತ್ತಾರೆ, ಅದು ಸರಿಯಲ್ಲ. ಸೊಪ್ಪಿನಲ್ಲಿರುವ ಕೆ ವಿಟಮಿನ್ ಔಷಧಿಯ ಬಲ ಕುಗ್ಗಿಸುವುದು ನಿಜ, ಆದರೆ ತೊಂದರೆ ಬರುವುದು ಏರುಪೇರಿನಿಂದ. ವಾರಕ್ಕೆರಡು ದಿನ ಬಸ್ಸಾರು ತಿನ್ನುವ ಮಗು ಪ್ರತಿ ವಾರವೂ ಅಷ್ಟೇ ತಿನ್ನಲಿ. ಡೋಸನ್ನು ಅದಕ್ಕೆ ಹೊಂದಿಸಬಹುದು.

ಜ್ವರಕ್ಕೆ ಪ್ಯಾರಸಿಟಮಾಲ್ ಕೊಡಿ. ಐಬುಪ್ರೊಫೆನ್ ಬೇಡ, ಅದು ಆಸ್ಪಿರಿನ್‌ಗೆ ಪ್ಲೇಟ್‌ಲೆಟ್ ಮೇಲೆ ಕೆಲಸ ಮಾಡಲು ಬಿಡುವುದಿಲ್ಲ. ಫ್ಲೂ ಅಥವಾ ಸೀತಾಳೆ ಸಿಡುಬು ಬಂದರೆ ಅಂದೇ ವೈದ್ಯರಿಗೆ ತಿಳಿಸಬೇಕು, ಆಸ್ಪಿರಿನ್ ಜೊತೆ ಸೇರಿ ರೇ ಸಿಂಡ್ರೋಮ್ ಎಂಬ ಮಾರಕ ತೊಂದರೆ ಬರಬಹುದು. ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಅದಕ್ಕಾಗಿಯೇ. ಇಮ್ಯುನೊಗ್ಲಾಬ್ಯುಲಿನ್ ಪಡೆದ ಮಗುವಿಗೆ ದಡಾರ ಮತ್ತು ಸೀತಾಳೆ ಸಿಡುಬಿನ ಲಸಿಕೆಯನ್ನು 11 ತಿಂಗಳು ಮುಂದೂಡುತ್ತಾರೆ. ಡೆಂಗಿ ಬಂದರೆ ಲೆಕ್ಕವೇ ಬೇರೆ: ಬೀಳುವ ಪ್ಲೇಟ್‌ಲೆಟ್, ರಕ್ತ ತೆಳುವಾಗಿಸುವ ಎರಡು ಔಷಧಿ. ಅಂಥ ದಿನ ಮನೆಯಲ್ಲಿ ಕಾಯದೆ ಹೃದಯ ವೈದ್ಯರಿರುವ ಆಸ್ಪತ್ರೆಗೇ ಹೋಗಬೇಕು, ಔಷಧಿ ನಿಲ್ಲಿಸುವುದೋ ಬಿಡುವುದೋ ಅವರ ತೀರ್ಮಾನ.

ಮೊದಲ ತಿಂಗಳಲ್ಲೊಮ್ಮೆ, ವರ್ಷ ತುಂಬಿದಾಗ ಇನ್ನೊಮ್ಮೆ ಗ್ರಾಫ್ಟ್ ಚಿತ್ರ ತೆಗೆದು ನೋಡುವ ಪದ್ಧತಿ ಜಪಾನಿನಲ್ಲಿದೆ. ಹೊಲಿಗೆಯ ಜಾಗ ಮೊದಲ ತಿಂಗಳುಗಳಲ್ಲಿ ಕಿರಿದಾದರೆ ಬಲೂನಿನಿಂದ ಅಗಲಿಸಬಹುದು, ಅಲ್ಲಿ ಸುಣ್ಣವಿಲ್ಲದ ಕಾರಣ ಅದು ಒಳ್ಳೆಯ ಫಲ ಕೊಡುತ್ತದೆ. ವಾರ್ಫರಿನ್ ಇರುವವರೆಗೆ ಕಬಡ್ಡಿಯಂಥ ಮೈಗೆ ಮೈ ತಾಗುವ ಆಟ ಬೇಡ. ಉಳಿದ ಓಡಾಟವನ್ನು ಒತ್ತಡ ಪರೀಕ್ಷೆ ನೋಡಿ ನಿರ್ಧರಿಸಬೇಕು.

ಮಗು ಹದಿನೆಂಟು ದಾಟಿ ಮಕ್ಕಳ ವಿಭಾಗದಿಂದ ಹೊರಬಂದಾಗ ಕಡತ ಅಲ್ಲೇ ಉಳಿದುಬಿಡುವುದು ಸಾಮಾನ್ಯ. ಕೈಯಲ್ಲಿ ಇರಬೇಕಾದದ್ದು ಇಷ್ಟು: ಜ್ವರ ಬಂದ ತಾರೀಖು, ಉಬ್ಬಿನ ಅತಿ ದೊಡ್ಡ ಅಳತೆ ಮತ್ತು ಝಡ್ ಸ್ಕೋರ್, ಶಸ್ತ್ರಚಿಕಿತ್ಸೆಯ ವರದಿ, ಆ್ಯಂಜಿಯೊಗ್ರಾಂನ ಸಿಡಿ, ಯಾವ ನಾಳ ಎಲ್ಲಿಂದ ಎಲ್ಲಿಗೆ ಎಂಬ ಒಂದು ಕೈಚಿತ್ರ. ಇಪ್ಪತ್ತೈದರ ವಯಸ್ಸಿನಲ್ಲಿ ಬೇರೆ ಕಾರಣಕ್ಕೆ ಎದೆ ತೆರೆಯಬೇಕಾಗಿ ಬಂದರೆ, ಎದೆಮೂಳೆಯ ಕೆಳಗೇ ಜೀವ ಹಿಡಿದಿರುವ ಒಂದು ಧಮನಿ ಹಾದುಹೋಗಿದೆ ಎಂದು ಗರಗಸ ಹಿಡಿದವರಿಗೆ ಮೊದಲೇ ಗೊತ್ತಿರಬೇಕು.